ಒಂಬತ್ತನೆಯ ರೀಲಿನ ದನಿ

ಬಕ್ರೀದ್ ಕಳೆದು ನಾಲ್ಕನೆಯ ದಿನ, ರುಮಾನಾ ಎಂಬ ಹುಡುಗಿ ಲಾಹೋರಿನ ಮೋಚಿ ದರ್ವಾಜೆಯ ನಮ್ಮ ಗಲ್ಲಿಗೆ ಬಂದಳು. ನಾಲ್ಕು ಮನೆಗಳ ಬಾಗಿಲು ತಟ್ಟಿ, ಕೊನೆಗೆ ನಾನು ಕುಳಿತಿದ್ದ ಮೆಟ್ಟಿಲಿನ ಹತ್ತಿರ ನಿಂತಳು. ಅವಳ ಫೋನಿನಲ್ಲಿ ಒಂದು ಚಿತ್ರವಿತ್ತು. ಹಳೆಯ ಸಿನಿಮಾದ ಶುರುವಿನಲ್ಲಿ ಬರುತ್ತದಲ್ಲ, ಕೆಲಸಗಾರರ ಹೆಸರಿನ ಪಟ್ಟಿ, ಅದು. ಕಟ್ಟಕಡೆಯ ಸಾಲಿನಲ್ಲಿ ನನ್ನ ಹೆಸರು: ಧ್ವನಿ ಸಹಾಯಕ, ಸಿಬ್ತೈನ್ ನಕವಿ.

"ಇದು ನೀವೇನಾ ಚಾಚಾ?"

"ಆಗ ಇದ್ದೆ," ಎಂದೆ. "ಈಗ ಮೊಹರಂ ನಡೆಯೋ ಇಮಾಮ್‌ಬಾಡಾಗಳ ಲೌಡ್‌ಸ್ಪೀಕರ್ ರಿಪೇರಿ ಮಾಡ್ತೀನಿ. ಅದೂ ಕೈ ನಡುಗದ ದಿನ."

"ಅಂತೂ ಒಬ್ರು ಸಿಕ್ಕಿದ್ರಿ. ನಿಮ್ಮ ಹೆಸರಿನ ಮೇಲಿರೋರೆಲ್ಲ ಖಬರಸ್ತಾನದಲ್ಲಿದಾರೆ."

"ಸತ್ತವರ ಪಾತ್ರ ಮಾಡಿದೋರು ಬೇಟಿ. ಮೊದಲೇ ಅಭ್ಯಾಸ ಆಗಿತ್ತು."

ಅವಳು ನಕ್ಕಳು. ನಗು ಮುಗಿದ ಮೇಲೆ ವಿಷಯ ಹೇಳಿದಳು. ಲಕ್ಷ್ಮೀ ಚೌಕದ ಹತ್ತಿರದ ಮಹ್ತಾಬ್ ಟಾಕೀಸಿನಲ್ಲಿ ಹಳೆಯ ಭಯದ ಚಿತ್ರಗಳನ್ನು ಮತ್ತೆ ಪರದೆಗೆ ತರುತ್ತಾರಂತೆ. ಮೂರು ದಿನ ವಿಲಾಯತಿಯ ರಕ್ತಪಿಶಾಚಿಗಳು. ನಾಲ್ಕನೆಯ ದಿನ ನಮ್ಮದು, ಲಾಹೋರಿನಲ್ಲೇ ಹುಟ್ಟಿದ್ದು. ಐವತ್ತಮೂರು ವರ್ಷದಿಂದ ಯಾರೂ ನೋಡದ ಆ ಚಿತ್ರದ ರೀಲುಗಳು ಚರ್ಮದ ಗೋದಾಮೊಂದರಲ್ಲಿ ಅವಳಿಗೆ ಸಿಕ್ಕಿದ್ದವು. ಎರಡು ವರ್ಷ ಕೂತು ಒಂದೊಂದೇ ಚೌಕವನ್ನು ತೊಳೆದು ಒರೆಸಿದ್ದಳು.

ಆ ಚಿತ್ರದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲೂ ಬರೆಯುವುದಿಲ್ಲ.

"ಒಂಬತ್ತನೆ ರೀಲು ಮಾತ್ರ ನನ್ನ ಕೊಂದುಹಾಕಿದೆ," ಎಂದಳು. "ಚಿತ್ರ ಚೆನ್ನಾಗಿದೆ. ನವಾಬನ ಹೆಂಡತಿ ಗೋರಿಯಿಂದ ಎದ್ದು ಹವೇಲಿಯ ಮೆಟ್ಟಿಲು ಇಳೀತಾಳೆ, ಬಾಯಿ ತೆರೀತಾಳೆ. ಆದ್ರೆ ದನಿ ಇಲ್ಲ. ರೀಲಿನಲ್ಲಿ ದನಿ ಅಚ್ಚಾಗಿರೋ ಅಂಚನ್ನ ಬೂಷ್ಟು ತಿಂದುಬಿಟ್ಟಿದೆ. ಆ ಕೂಗು ಕೇಳಿದ್ದ ಮುದುಕರು ಇವತ್ತಿಗೂ ಅದರ ಮಾತಾಡ್ತಾರೆ ಚಾಚಾ. ಅದರ ಟೇಪು ಎಲ್ಲಾದ್ರೂ ಉಳಿದಿದ್ಯಾ?"

"ಇಲ್ಲ," ಎಂದೆ.

ಟೇಪು ಅವಳ ತಲೆಯ ಮೇಲೆ ಎರಡು ಮಹಡಿ ದೂರದಲ್ಲಿತ್ತು. ನನ್ನ ಟ್ರಂಕಿನಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ, ಕಪ್ಪು ಬಟ್ಟೆಯಲ್ಲಿ ಸುತ್ತಿ.

ನಮ್ಮದು ಕೇಳುವವರ ಮನೆ. ನಾನು ಅಕ್ಷರ ಕಲಿಯುವ ಮೊದಲು ಕರ್ಬಲಾದ ಶೋಕಪದಗಳನ್ನು ಕಲಿತೆ; ಓದಿ ಅಲ್ಲ, ಕೇಳಿ. ನನ್ನ ತಾಯಿ ಮೊಹ್ಸಿನಾ ಬೇಗಂ ಮೊಹರಂನ ಹತ್ತು ದಿನ ನಮ್ಮ ಮಹಡಿಯ ಮೇಲೆ ಹೆಂಗಸರ ಶೋಕಸಭೆಯಾದ ಮಜ್ಲಿಸಿನಲ್ಲಿ ಆ ಪದಗಳನ್ನು, ಮರ್ಸಿಯಾಗಳನ್ನು, ಓದುತ್ತಿದ್ದರು. ಹನ್ನೆರಡು ತುಂಬುವವರೆಗೆ ನಾನು ಅಮ್ಮಾಂ ಪಕ್ಕದಲ್ಲಿ, ಪರದೆಯ ಒಳಗೆ. ಆಮೇಲೆ ಪರದೆಯ ಹೊರಗೆ, ಮೆಟ್ಟಿಲಿನ ಮೇಲೆ. ಮನೆಯ ಗಂಡಸು ಮೆಟ್ಟಿಲು ಕಾಯಬೇಕು. ಓದುವವಳ ದನಿ ಪರಗಂಡಸಿನ ಕಿವಿಗೆ ಬೀಳಬಾರದು. ಹಾಲು ಹಾಕುವ ಶರೀಫ್ ಕೂಡ ನಮ್ಮ ಬಾಗಿಲ ಹತ್ತಿರ ಬಂದಾಗ ಸೈಕಲ್ಲಿನ ಗಂಟೆಯನ್ನು ಬಿಡದೆ ಬಾರಿಸುತ್ತ ದಾಟುತ್ತಿದ್ದ, ತನ್ನ ಕಿವಿಗೆ ತಾನೇ ಬಾಗಿಲು ಹಾಕಿಕೊಳ್ಳುವಂತೆ.

ಮಜ್ಲಿಸ್ ಮುಗಿಯುವಾಗ ಒಳಗಿನಿಂದ ದುವಾ, ಪ್ರಾರ್ಥನೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಸತ್ತವರಿಗೆ. ಪ್ರತಿಯೊಂದಕ್ಕೂ ಹೆಂಗಸರು ಆಮೀನ್ ಅನ್ನುತ್ತಾರೆ. ಎಲ್ಲರದೂ ಆದ ಮೇಲೆ ಮೆಟ್ಟಿಲಿನಿಂದ ಒಂದು ಆಮೀನ್ ಬರಬೇಕು. ಅದು ಬರುವವರೆಗೆ ಯಾರೂ ಏಳುವ ಹಾಗಿಲ್ಲ. ನನ್ನ ಅಜ್ಜನ ಕಾಲದಿಂದ ನಡೆದು ಬಂದ ಕ್ರಮ ಅದು.

ಅಮ್ಮಾಂ ಎಲ್ಲವನ್ನೂ ಚೆನ್ನಾಗಿಯೇ ಓದುತ್ತಿದ್ದರು. ಆದರೆ ನೀರು ತರಲು ಹೊಳೆಗೆ ಹೋದ ಚಿಕ್ಕಪ್ಪನಿಗಾಗಿ ಗುಡಾರದ ಬಾಗಿಲಲ್ಲಿ ಮಗು ಕಾಯುವ ಪದಕ್ಕೆ ಬಂದಾಗ ಅವರು ಬೇರೆಯವರೇ ಆಗಿಬಿಡುತ್ತಿದ್ದರು. ಕೊನೆಯ ಸಾಲು ಮುಗಿಯುತ್ತಿತ್ತು, ಮಾತು ಮುಗಿಯುತ್ತಿತ್ತು, ದನಿ ಮುಗಿಯುತ್ತಿರಲಿಲ್ಲ. ಅಕ್ಷರವಿಲ್ಲದ ಒಂದು ಎಳೆತ. ಅದು ಮೇಲಕ್ಕೆ ಹೋಗಿ, ಅಲ್ಲಿ ಒಣಗಿ, ಬಿರಿದು, ಒಂದು ಹನಿಯೂ ಸಿಗದೆ ವಾಪಸು ಬರುತ್ತಿತ್ತು. ಹೆಂಗಸರ ಎದೆ ಬಡಿತ ಅಷ್ಟು ಹೊತ್ತು ನಿಂತುಹೋಗುತ್ತಿತ್ತು. ಮಜ್ಲಿಸ್ ಮುಗಿದ ಮೇಲೆ ಮಕ್ಕಳು ಬಂದು ನೀರು ಕೇಳುತ್ತಿದ್ದವು.

ಆಗ ನನಗೆ ಇಪ್ಪತ್ತೆರಡು. ಸ್ಟುಡಿಯೊದಲ್ಲಿ ವೈರು ಸುತ್ತುವ ಕೆಲಸ. ನಿರ್ದೇಶಕ ಫರ್ಹತ್ ಸಾಹೇಬರು ನವಾಬನ ಹೆಂಡತಿಯ ಕೂಗಿಗಾಗಿ ಏಳು ಜನ ಹೆಂಗಸರನ್ನು ಕೂಗಿಸಿದ್ದರು. "ಇದು ಬಾಲ ತುಳಿಸಿಕೊಂಡ ಬೆಕ್ಕು," ಅನ್ನುತ್ತಿದ್ದರು. "ಇದು ಗಂಡನ ಮೇಲೆ ಸಿಟ್ಟು. ಇದು ಹೆರಿಗೆ ನೋವು. ನನಗೆ ಬಾಯಾರಿಕೆ ಬೇಕು ಕಣ್ರಯ್ಯಾ. ಸತ್ತ ಮೇಲೂ ಆರದ ಬಾಯಾರಿಕೆ. ಈ ಊರಲ್ಲಿ ಯಾರ ಗಂಟಲಲ್ಲೂ ಅದಿಲ್ವಾ?"

ಇದೆ, ಎಂದೆ. ನಮ್ಮ ಮನೇಲಿದೆ.

ನನಗೆ ಯಾರೂ ಆಸೆ ತೋರಿಸಿರಲಿಲ್ಲ. ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಹತ್ತು ವರ್ಷ ಒಬ್ಬನೇ ಕುಳಿತು ಕೇಳಿದ್ದನ್ನು ಕಿವಿಯಿರುವ ಇನ್ನೊಬ್ಬ ಕೇಳಲಿ, ಕೇಳಿ ತಲೆದೂಗಲಿ ಅಂತ ಇತ್ತು. ಅಷ್ಟೇ.

ಮೊಹರಂನ ಮೊದಲ ಹತ್ತು ದಿನ ಸ್ಟುಡಿಯೊಗೆ ಬೀಗ. ಯಂತ್ರಗಳನ್ನು ನಂಬಿಕೆಯ ಕೆಲಸಗಾರರ ಮನೆಗೆ ಕಳಿಸುತ್ತಿದ್ದರು. ಹೊತ್ತು ಒಯ್ಯುವ ರೆಕಾರ್ಡರು ನನ್ನ ಪಾಲಿಗೆ ಬಂತು. ಮಜ್ಲಿಸಿನ ಕೋಣೆಯಲ್ಲಿ ಕರ್ಬಲಾದಲ್ಲಿ ಹುತಾತ್ಮನಾದ ಆರು ತಿಂಗಳ ಕೂಸಿನ ಹೆಸರಿನಲ್ಲಿ ಒಂದು ಖಾಲಿ ತೊಟ್ಟಿಲು ಇಡುತ್ತೇವೆ. ಆರನೆಯ ದಿನ ಬೆಳಿಗ್ಗೆ, ಆ ತೊಟ್ಟಿಲ ಹಸಿರು ಬಟ್ಟೆಯ ಅಡಿಯಲ್ಲಿ ನಾನು ಮೈಕು ಇಟ್ಟೆ. ವೈರನ್ನು ಪರದೆಯ ಕೆಳಗಿನಿಂದ ಮೆಟ್ಟಿಲಿಗೆ ಎಳೆದೆ. ದನಿ ಹೊರಗೆ ಹೋಗದಂತೆ ಕಾಯಲು ಕೂತವನೇ ಅದಕ್ಕೆ ದಾರಿ ಮಾಡಿದೆ.

ಫರ್ಹತ್ ಸಾಹೇಬರು ಟೇಪಿನ ಪ್ರತಿ ತೆಗೆದು, ಅದರಲ್ಲಿ ಪದಗಳನ್ನೆಲ್ಲ ಕತ್ತರಿಸಿ ಆ ಎಳೆತವನ್ನಷ್ಟೇ ಇಟ್ಟುಕೊಂಡರು; ಮೂಲ ಟೇಪು ನನ್ನ ಹತ್ತಿರ ಉಳಿಯಿತು. ಕೇಳಿ ತಲೆದೂಗಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದರು.

ಚಿತ್ರ ಬಂದು ಎರಡನೆಯ ವಾರ ಎದುರುಮನೆಯ ಖಾಲಾ ಮಧ್ಯಾಹ್ನದ ಆಟ ನೋಡಿ, ಚಾದರವನ್ನೂ ತೆಗೆಯದೆ ನೇರವಾಗಿ ನಮ್ಮ ಮನೆಗೆ ಬಂದರು. "ಮೊಹ್ಸಿನಾ," ಎಂದರು, "ಅಲ್ಲಿ ಒಬ್ಬಳು ರಕ್ತ ಕುಡೀತಾಳೆ. ನಿನ್ನ ಗಂಟಲಲ್ಲಿ."

ಆಪಾ ಅಂದರೆ ನನ್ನ ಅಕ್ಕ ಕನೀಜ್ ಆಗ ಅಡಿಗೆಮನೆಯಲ್ಲಿದ್ದರು. ಖಾಲಾ ಹೋದ ಮೇಲೆ ಅಮ್ಮಾಂ ನನ್ನನ್ನು ಮಹಡಿಗೆ ಕರೆದರು. ಯಾರು ಮಾಡಿದ್ದು ಎಂದು ಕೇಳಲಿಲ್ಲ. ನನ್ನ ಮುಖ ನೋಡಿದ್ದೇ ಅವರಿಗೆ ಸಾಕಾಯಿತು.

"ಆ ಟಾಕೀಸಿನಲ್ಲಿ ಎಷ್ಟು ಗಂಡಸರು ಕೂರ್ತಾರೆ?" ಎಂದರು.

"ಎಂಟುನೂರು, ಅಮ್ಮಾಂ."

"ದಿನಕ್ಕೆ ಎಷ್ಟು ಆಟ?"

"ಮೂರು."

ಮುಂದಿನ ಮೊಹರಂನಲ್ಲಿ ಅಮ್ಮಾಂ ತಮ್ಮ ಕೈಬರಹದ ಪದಗಳ ಪುಸ್ತಕವನ್ನು ಆಪಾನ ಮಡಿಲಿಗೆ ಹಾಕಿ ಗೋಡೆಗೆ ಒರಗಿ ಕುಳಿತರು. ಹದಿಮೂರು ವರ್ಷ ಹಾಗೆಯೇ ಕುಳಿತರು. ಸಾಯುವ ದಿನ ತುಟಿ ಅಲ್ಲಾಡಿತು. ದನಿ ಬರಲಿಲ್ಲ.

ಕದ್ದವನು ನಾನು ಎಂದು ಯಾರಿಗೂ ಹೇಳದೆ ಹೋದರು. ಪಕ್ಕದ ಮಾಳಿಗೆಯಿಂದ ಸ್ಟುಡಿಯೊದವರು ಯಾರೋ ಯಂತ್ರ ಇಳಿಬಿಟ್ಟರು ಎಂದು ಆಪಾ ನಂಬಿದರು. ಅಂದಿನಿಂದ ಮಜ್ಲಿಸಿನ ಕೊನೆಯ ದುವಾಕ್ಕೆ ಒಂದು ಮಾತು ಸೇರಿತು. ಕಾಯಿಲೆಯವರು, ಪ್ರಯಾಣಿಕರು, ಸತ್ತವರು ಎಲ್ಲ ಆದ ಮೇಲೆ: "ಯಾ ಅಲ್ಲಾಹ್, ನಮ್ಮ ತಾಯಿಯ ದನಿ ಕದ್ದ ಕೈ ಒಣಗಲಿ, ಅವನ ಬಾಯಾರಿಕೆ ಎಂದೂ ಆರದಿರಲಿ."

ಹೆಂಗಸರು ಆಮೀನ್ ಅನ್ನುತ್ತಿದ್ದರು. ಆಮೇಲೆ ನನ್ನ ಸರದಿ. ನಾನು ಹೇಳದೆ ಅವರು ಏಳುವಂತಿರಲಿಲ್ಲ. ಐವತ್ತಮೂರು ಮೊಹರಂ, ಹತ್ತತ್ತು ದಿನ, ಮೆಟ್ಟಿಲ ಮೇಲೆ ಕುಳಿತು ನನ್ನ ಮೇಲಿನ ಶಾಪಕ್ಕೆ ನಾನೇ ಆಮೀನ್ ಹೇಳಿದ್ದೇನೆ.

ರುಮಾನಾ ಬಂದು ಹೋದ ಮಾರನೆಯ ದಿನ ಆಪಾಗೆ ಗಂಜಿ ಕುಡಿಸುತ್ತಿದ್ದೆ. ಅವರಿಗೆ ಎಪ್ಪತ್ತೊಂಬತ್ತು. ಪುಪ್ಪುಸದಲ್ಲಿ ಗಡ್ಡೆ. ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ನನಗೆ ಹೇಳಿದ್ದರು. ಆಪಾಗೆ ಯಾರೂ ಹೇಳುವ ಅಗತ್ಯವಿರಲಿಲ್ಲ.

"ಉಪ್ಪು ಹಾಕೋದನ್ನ ಯಾವಾಗ ಕಲೀತೀಯೋ," ಎಂದರು. "ನಾನು ಸತ್ತ ಮೇಲಾ?"

"ಡಾಕ್ಟರು ಬೇಡ ಅಂದಿದಾರೆ ಆಪಾ."

"ಡಾಕ್ಟರು ಇದನ್ನ ಕುಡಿದು ನೋಡಿದಾರಾ?" ಚಮಚವನ್ನು ದೂಡಿದರು. "ಸಿಬ್ತೈನ್, ನಂಗೆ ಅಮ್ಮಾಂ ದನಿ ಮರ್ತುಹೋಗಿದೆ. ಪದ ನೆನಪಿದೆ. ಎಲ್ಲಿ ಉಸಿರು ತಗೋತಿದ್ರು ಅನ್ನೋದೂ ನೆನಪಿದೆ. ದನಿ ಇಲ್ಲ. ಐವತ್ತು ವರ್ಷ ಅವರ ಪುಸ್ತಕ ಹಿಡ್ಕೊಂಡು ನನ್ನ ಈ ಒಡಕು ಗಂಟಲಲ್ಲಿ ಓದಿ ಓದಿ, ನನ್ನ ದನಿ ಅವರದನ್ನ ತಿಂದುಹಾಕ್ತು. ನಾಳೆ ಅವರು ಆ ಕಡೆಯಿಂದ ಕನೀಜ್ ಅಂತ ಕರೆದ್ರೆ, ಯಾರು ಕರೆದಿದ್ದು ಅಂತ ನಂಗೆ ಗೊತ್ತಾಗುತ್ತೇನೋ?"

ನಾನು ಬಟ್ಟಲು ಕೆಳಗಿಟ್ಟೆ.

"ದನಿ ಇದೆ," ಎಂದೆ.

"ಎಲ್ಲಿ?"

"ಟೇಪಿನಲ್ಲಿ."

"ಯಾರ ಹತ್ರ?"

"ನನ್ನ ಹತ್ರ. ಮೊದಲಿಂದ."

ಆಪಾ ಬಹಳ ನಿಧಾನವಾಗಿ ತಲೆ ತಿರುಗಿಸಿದರು. ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಎರಡು ವರ್ಷದಿಂದ ನಡುಗುತ್ತಿರುವ ಬಲಗೈ.

"ಆಮೀನ್ ಅಂತಿದ್ದೆಯಲ್ಲೋ," ಎಂದರು.

"ಅಂತಿದ್ದೆ."

"ಗಟ್ಟಿಯಾಗಿ ಅಂತಿದ್ದೆ. ತಮ್ಮನಿಗೆ ಎಷ್ಟು ಭಕ್ತಿ ಅಂತ ಹೆಂಗಸರು ನನ್ನ ಮುಂದೆ ಹೊಗಳ್ತಿದ್ರು."

ಬೀದಿಯಲ್ಲಿ ಮೊಸರಿನವನು ಕೂಗುತ್ತ ಹೋದ. ಆಪಾ ತಲೆಯ ಮೇಲಿನ ಚಾದರ ಸರಿಮಾಡಿಕೊಂಡರು.

"ನನ್ನ ಕರ್ಕೊಂಡು ಹೋಗು. ಕೇಳಿಸು," ಎಂದರು. "ಆಮೇಲೆ ಏನು ಮಾಡ್ಬೇಕು ಅಂತ ನಾನು ಹೇಳ್ತೀನಿ. ನೀನು ಅದನ್ನ ಮಾಡ್ತೀಯ."

ಆ ಟೇಪನ್ನು ಓಡಿಸಬಲ್ಲ ಯಂತ್ರ ರುಮಾನಾ ಹತ್ತಿರ ಮಾತ್ರ ಇತ್ತು, ಮಹ್ತಾಬ್ ಟಾಕೀಸಿನಲ್ಲಿ. ಡಬ್ಬಿ ತೆಗೆದುಕೊಂಡು ಹೋದೆ. ಅವಳು ಬಟ್ಟೆ ಬಿಚ್ಚಿ ಟೇಪನ್ನು ಮೂಸಿ ನೋಡಿದಳು. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಲಿಲ್ಲ.

"ಬಣ್ಣ ಉದುರ್ತಿದೆ ಚಾಚಾ. ಒಂದೇ ಸಲ ಓಡುತ್ತೆ. ಓಡ್ತಾ ಓಡ್ತಾ ಸಾಯುತ್ತೆ. ಕಂಪ್ಯೂಟರಿಗೆ ಇಳಿದಿದ್ದು ಅಷ್ಟೇ ಉಳಿಯೋದು."

"ನಾನು ಹೂಂ ಅನ್ನದೆ ಅದು ಸಿನಿಮಾಗೆ ಹೋಗಬಾರದು. ನನ್ನ ಅಕ್ಕ ಹೂಂ ಅನ್ನದೆ."

ಅವಳು ಒಂಬತ್ತನೆಯ ರೀಲಿನ ಡಬ್ಬಿಯ ಕಡೆ ನೋಡಿ, ನನ್ನ ಕಡೆ ನೋಡಿ, "ಮಾತು ಕೊಟ್ಟೆ," ಎಂದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಪಾನನ್ನು ರಿಕ್ಷಾದಲ್ಲಿ ಕರೆತಂದೆ. ಹುಟ್ಟಿದಂದಿನಿಂದ ಒಂದು ಸಿನಿಮಾ ಮಂದಿರದ ಹೊಸ್ತಿಲು ತುಳಿಯದವರು, ಕಪ್ಪು ಚಾದರ ಹೊದ್ದು, ಹಲ್ಲು ಬಿಟ್ಟ ಭೂತಗಳ ಪೋಸ್ಟರುಗಳ ಮಧ್ಯೆ ನಡೆದು ಬಂದರು. ಟಾಕೀಸಿನ ಮೇನೇಜರು ಬಟ್ಟ್ ಸಾಹೇಬ ಅವರಿಗೆ ಭಯವಾದೀತೆಂದು ಸಮಾಧಾನ ಹೇಳಿದ: "ಇವೆಲ್ಲ ಹಳೇ ಕಾಲದ ಪಿಶಾಚಿಗಳು ಖಾಲಾ. ಮರ್ಯಾದಸ್ತರು. ಕರೆಯದೆ ಮನೆಯೊಳಗೆ ಕಾಲಿಡ್ತಿರಲಿಲ್ಲ."

"ನಮ್ಮನೇಲೂ ಹಾಗೇ," ಎಂದರು ಆಪಾ. "ಒಳಗಿನವನೇ ಕರೆದಿದ್ದ."

ಬಟ್ಟ್‌ಗೆ ಅರ್ಥವಾಗಲಿಲ್ಲ. ಖಾಲಿ ಟಾಕೀಸಿನ ನಡುವೆ ಆಪಾನನ್ನು ಕೂರಿಸಿದೆ. ಗಂಡಸು ಎಂದು ಅಲ್ಲಿ ನಾನೊಬ್ಬನೇ. ಬಟ್ಟ್‌ನನ್ನೂ ಕೆಲಸದವರನ್ನೂ ರುಮಾನಾ ಹೊರಗೆ ಕಳಿಸಿ ಬಾಗಿಲು ಹಾಕಿದಳು. ಪರದೆಯ ಪಕ್ಕದ ಮೇಜಿನ ಮೇಲೆ ಯಂತ್ರ, ಅದಕ್ಕೆ ಜೋಡಿಸಿದ ಕಂಪ್ಯೂಟರು.

ಮೊದಲು ಗರಗರ. ಹೆಂಗಸರ ಪಿಸುಮಾತು. ಯಾರದೋ ಬಳೆ. ಒಂದು ಮಗುವಿನ ಕೆಮ್ಮು. ಆಮೇಲೆ ಅಮ್ಮಾಂ.

ಅಷ್ಟು ದೊಡ್ಡ ಟಾಕೀಸಿನಲ್ಲಿ ಅವರು ಬಂದು ನಿಂತಂತಿತ್ತು. ಗುಡಾರದ ಬಾಗಿಲಿನ ಮಗು ಕಾಯಿತು. ಹೊಳೆಗೆ ಹೋದವನು ಬರಲಿಲ್ಲ. ಆಪಾನ ತುಟಿಗಳು ಪದದ ಜೊತೆ ಚಲಿಸುತ್ತಿದ್ದವು, ಉಸಿರಿನ ಜಾಗದಲ್ಲಿ ಉಸಿರು. ಕೊನೆಯ ಸಾಲು ಮುಗಿಯಿತು. ಎಳೆತ ಮೇಲೆದ್ದಿತು.

ನಾನು ಕಣ್ಣು ಮುಚ್ಚಿದೆ. ಮುಚ್ಚಬಾರದಿತ್ತು. ನನಗೆ ಕಂಡದ್ದು ಮಜ್ಲಿಸಲ್ಲ, ಹವೇಲಿಯ ಮೆಟ್ಟಿಲು. ಬಿಳಿ ಬಟ್ಟೆ. ಗಲ್ಲದ ಮೇಲೆ ಇಳಿಯುವ ಕಪ್ಪು ರಕ್ತ. ನನ್ನ ತಾಯಿಯ ದನಿ ನನಗೆ ಇನ್ನು ಹಾಗೆಯೇ ಕೇಳುವುದು, ಬೇರೆ ದಾರಿಯಿಲ್ಲ ಎಂದು ಅಲ್ಲಿ ತಿಳಿಯಿತು. ಆಪಾಗೆ ಮಾತ್ರ ತಾಯಿಯೇ ಕೇಳಿಸಿದ್ದರು. ಅವರ ಮುಖ ಹೇಳುತ್ತಿತ್ತು.

ಟೇಪಿನ ಬಾಲ ಯಂತ್ರದಲ್ಲಿ ಪಟಪಟ ಬಡಿಯಿತು. ಮೇಜಿನ ಮೇಲೆ ಕಂದು ಪುಡಿ ಚೆಲ್ಲಿತ್ತು. ಆಪಾ ಎದ್ದು ಬಂದು ಆ ಪುಡಿಯನ್ನು ಬೆರಳ ತುದಿಯಿಂದ ಒಟ್ಟುಮಾಡಿ ಚಾದರದ ಸೆರಗಿನಲ್ಲಿ ಗಂಟು ಹಾಕಿಕೊಂಡರು.

"ಎಲ್ಲಾ ಬಂತು," ಎಂದಳು ರುಮಾನಾ. ಅವಳ ಕಣ್ಣು ಒದ್ದೆಯಾಗಿತ್ತು. "ಒಂದು ಅಕ್ಷರ ಹೋಗಿಲ್ಲ."

"ಅಳಿಸು," ಎಂದರು ಆಪಾ.

"ಖಾಲಾ, ಜಗತ್ತಿನಲ್ಲಿ ಇದು ಇರೋದು ಇಲ್ಲಿ ಮಾತ್ರ. ಸಿನಿಮಾಗೆ ಬೇಡ, ಸರಿ. ನಿಮ್ಮ ಹತ್ರಾನೇ ಇಟ್ಕೊಳ್ಳಿ. ಮನೇಲಿ ಕೇಳಿ."

"ನಾನು ಇನ್ನೆಷ್ಟು ದಿನ ಕೇಳ್ತೀನಿ ಮಗಳೇ? ಆಮೇಲೆ ಇವನು ಕೇಳ್ತಾನೆ. ಇವನಾದ ಮೇಲೆ ಯಾರೋ. ಅವರು ಯಾವ ಪರದೆ ಹಿಂದೆ ಇದ್ರು ಅನ್ನೋದು ಆ ಯಾರಿಗೋ ಗೊತ್ತಿರುತ್ತಾ?" ಉಸಿರಿಗಾಗಿ ನಿಂತರು. "ಹದಿಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತ್ರು ಅವರು. ಅದನ್ನ ನಾನು ಮುರಿಯಲ್ಲ. ನನ್ನ ಆಸೆಗೆ ಒಂದು ಸಲ ಮುರಿದಿದ್ದೇ ತಪ್ಪು."

ರುಮಾನಾ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ.

"ನೀನಲ್ಲ," ಎಂದರು ಆಪಾ. "ತೆಗೆದವನು ಅಳಿಸಲಿ."

ನಡುಗುವ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಒತ್ತಿದೆ. ಅಳಿಸಲೇ ಎಂದು ಕಂಪ್ಯೂಟರು ಮತ್ತೊಮ್ಮೆ ಕೇಳಿತು. ಮತ್ತೆ ಒತ್ತಿದೆ.

ಗುರುವಾರ ಮಧ್ಯಾಹ್ನ ಮೂರರ ಆಟಕ್ಕೆ ನಾನು ಹೋದೆ. ಹೋಗೆಂದು ಹೇಳಿದ್ದು ಆಪಾ: "ಅಲ್ಲಿ ಏನಾಗುತ್ತೆ ನೋಡಿ ಬಂದು ನಂಗೆ ಹೇಳು. ಸುಳ್ಳು ಹೇಳ್ಬೇಡ, ಆ ಕೋಟಾ ಮುಗಿದಿದೆ."

ಟಾಕೀಸು ತುಂಬಿತ್ತು. ಮುಂದಿನ ಸಾಲುಗಳಲ್ಲಿ ಕಾಲೇಜಿನವರು, ಹಿಂದೆ ನನ್ನ ವಯಸ್ಸಿನವರು, ಮೊಮ್ಮಕ್ಕಳ ಕೈ ಹಿಡಿದು ಬಂದವರು. ಒಂಬತ್ತನೆಯ ರೀಲು ಬಂತು. ಗೋರಿಯ ಕಲ್ಲು ಸರಿಯಿತು. ಅವಳು ಹವೇಲಿಯ ಮೆಟ್ಟಿಲು ಇಳಿದಳು. ಬಾಯಿ ತೆರೆದಳು. ಮೌನ.

ರುಮಾನಾ ಆ ಜಾಗವನ್ನು ಬರಿದಾಗಿಯೇ ಬಿಟ್ಟಿದ್ದಳು. ಬೇರೆ ಯಾವ ಕೂಗನ್ನೂ ತುಂಬಿರಲಿಲ್ಲ. ಸತ್ತ ಹೆಂಗಸಿನ ಗಂಟಲು ಉಬ್ಬಿತು, ಸೆಟೆಯಿತು, ಏನೂ ಬರಲಿಲ್ಲ. ಜನ ಉಸಿರು ಬಿಗಿಹಿಡಿದರು. ಇದು ಸರಿಯಾಯಿತು ಎಂದು ಒಂದು ಕ್ಷಣ ನಾನು ನೆನೆದೆ. ಅಮ್ಮಾಂ ಕೊನೆಗೂ ಪರದೆಯ ಒಳಗೆ ಹೋದರು.

ಆಗ ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಬಾಯಿ ತೆರೆದ.

ಅವನಿಗೆ ನೆನಪಿತ್ತು. ಎಲ್ಲಿ ಏಳಬೇಕು, ಎಲ್ಲಿ ಒಣಗಬೇಕು, ಎಲ್ಲಿ ಬಿರಿಯಬೇಕು, ಎಲ್ಲ. ಹಲ್ಲಿಲ್ಲದ ಬಾಯಿಯಿಂದ ಅದನ್ನು ಎಳೆದ. ಜನ ನಕ್ಕರು. "ವಾಹ್ ಬುಜುರ್ಗ್, ಇನ್ನೊಂದ್ಸಲ," ಎಂದು ಯಾರೋ ಕೂಗಿದರು. ಬಾಲ್ಕನಿಯಿಂದ ಇನ್ನೊಬ್ಬ ಮುದುಕ ಅದನ್ನೇ ಎತ್ತಿಕೊಂಡ. ಬಲಗಡೆಯಿಂದ ಮತ್ತೊಬ್ಬ. ಹುಡುಗರು ಕಲಿತುಕೊಂಡರು, ಕಲಿಯಲು ಅವರಿಗೆ ಎಷ್ಟು ಹೊತ್ತು. ಶಿಳ್ಳೆ, ಚಪ್ಪಾಳೆ, ನಡುವೆ ನೂರು ಗಂಡಸರ ಗಂಟಲುಗಳಲ್ಲಿ ನನ್ನ ತಾಯಿಯ ಬಾಯಾರಿಕೆ. ಪರದೆಯ ಮೇಲಿನವಳು ಎಂದೋ ಬಾಯಿ ಮುಚ್ಚಿದ್ದಳು. ಇವರು ನಿಲ್ಲಿಸಲಿಲ್ಲ.

ಮನೆಗೆ ಬಂದಾಗ ಆಪಾ ಎದ್ದು ಕುಳಿತಿದ್ದರು.

"ಸುಮ್ಮನಿತ್ತಾ?"

"ಸಿನಿಮಾ ಸುಮ್ಮನಿತ್ತು. ಜನ ಕೂಗಿದ್ರು. ಗಂಡಸರು. ಅವರಿಗೆ ಬಾಯಿಪಾಠ ಆಗಿದೆ ಆಪಾ."

ಆಪಾ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು. ಗೋಡೆಯ ಕಡೆ ತಿರುಗಿ ಮಲಗಿದರು.

ವಾರ ಕಳೆದು ಮೊಹರಂನ ಚಂದ್ರದರ್ಶನವಾಯಿತು. ಆಪಾನನ್ನು ಮಂಚದ ಸಮೇತ ಮಜ್ಲಿಸಿನ ಕೋಣೆಗೆ ಒಯ್ದರು. ಓದಿದ್ದು ಎದುರುಮನೆಯ ಖಾಲಾನ ಮೊಮ್ಮಗಳು. ದುವಾ ಮಾತ್ರ ನಾನೇ ಹೇಳುತ್ತೇನೆ ಎಂದು ಆಪಾ ಹಟ ಹಿಡಿದರು. ನಾನು ಮೆಟ್ಟಿಲಿನ ಮೇಲೆ, ಪರದೆಯ ಈಚೆ, ನನ್ನ ಜಾಗದಲ್ಲಿ ಕುಳಿತಿದ್ದೆ.

ದುವಾದಲ್ಲಿ ಕಾಯಿಲೆಯವರು ಬಂದರು. ಪ್ರಯಾಣಿಕರು ಬಂದರು. ಸತ್ತವರು ಬಂದರು. ಆಪಾ ಉಸಿರು ಎಳೆದುಕೊಂಡರು. ಈ ಸಲ ಆ ಮಾತನ್ನು ಬಿಟ್ಟುಬಿಡುತ್ತಾರೇನೋ ಎಂದು ನಾನು ಕಾದೆ. ಇಳಿವಯಸ್ಸಿನಲ್ಲೂ ಮನುಷ್ಯ ಇಂಥದ್ದಕ್ಕೆ ಕಾಯುತ್ತಾನೆ.

"ಯಾ ಅಲ್ಲಾಹ್," ಎಂದರು. ಮೊದಲಿನಂತೆಯೇ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಕೈ ಒಣಗಲಿ. ಬಾಯಾರಿಕೆ ಎಂದೂ ಆರದಿರಲಿ.

ಹೆಂಗಸರು ಆಮೀನ್ ಅಂದರು. ಆಮೇಲೆ ಒಳಗೆ ಸದ್ದಿಲ್ಲ. ಯಾರೂ ಏಳಲಿಲ್ಲ. ಪರದೆಯ ಆಚೆ ಆಪಾನ ಉಸಿರು ಎಳೆಯುವುದು ಕೇಳುತ್ತಿತ್ತು. ಅವರು ಕಾಯುತ್ತಿದ್ದರು.

"ಆಮೀನ್," ಎಂದೆ.